ಗದ್ದೆ ತೋಟ ಆದ್ಮೇಲೆ ಹತ್ತುಮೀನು ಬರೋದೇ ನಿಂತೋಯ್ತು, ಎರಡಕ್ಕೂ ಸಂಬಂಧ ಇದ್ಯಾ?

ಮಾಲತಿ_ದಂಡೆ

ಎಲ್ರಿಗೂ ನಮಸ್ಕಾರ. ನಮ್ದು ತೀರ್ಥಹಳ್ಳಿ ತಾಲ್ಲೂಕು, ಮಾಲತಿ ಹೊಳೆಗೆ ಹೋಗಿ ಸೇರೋ ಒಂದು ಸಣ್ಣ ಹಳ್ಳದ ಪಕ್ಕದಲ್ಲೇ ಮನೆ. ತುಂಬಾ ದಿನದಿಂದ ತಲೇಲಿ ಕೊರೀತಿರೋ ವಿಷಯ, ಗೊತ್ತಿರೋರು ಹೇಳಿ.

ನಾನು ಸಣ್ಣವನಿದ್ದಾಗ ಮಿರ್ಗಶಿರ ಮಳೆ ಹಿಡಿದು ಹಳ್ಳಕ್ಕೆ ಮೊದಲ ಕೆಂಪು ನೀರು ಬಂತು ಅಂದ್ರೆ ಆ ರಾತ್ರಿ ಮನೇಲಿ ಯಾರೂ ಮಲಗ್ತಿರ್ಲಿಲ್ಲ. ಅಜ್ಜ ಗ್ಯಾಸ್‌ಲೈಟ್ ಹಚ್ಕೊಂಡು ಮುಂದೆ, ನಾವು ಮಕ್ಕಳು ಕಂಬಳಿ ಕೊಪ್ಪೆ ಹಾಕ್ಕೊಂಡು ಹಿಂದೆ. ಗದ್ದೆ ಅಂಚು ಕಡಿದು ನೀರು ಹಳ್ಳಕ್ಕೆ ಬಿಟ್ಟಿರೋ ಜಾಗ ಇರ್ತದಲ್ಲ, ಅಲ್ಲಿ ಪಾದ ಮುಳುಗೋಷ್ಟು ನೀರಲ್ಲಿ ಮೀನು ಮೇಲೆ ಹತ್ತಿ ಬರ್ತಿದ್ವು, ಅದಕ್ಕೇ ಹತ್ತುಮೀನು ಅನ್ನೋದು. ಬೆನ್ನು ಪೂರ್ತಿ ನೀರಿಂದ ಹೊರಗೆ, ಒಂದು ಮಗ್ಗುಲಾಗಿ ಬಾಲ ಬಡೀತಾ ಹುಲ್ಲಿನ ಮೇಲೇ ಒದ್ದಾಡ್ಕೊಂಡು ಮೇಲಿನ ಗದ್ದೆಗೆ ಹೋಗೋವು. ಮುರುಗೋಡು, ಚೇಳುಮೀನು, ಬೆಳ್ಳಿ ತರ ಹೊಳೆಯೋ ಸಣ್ಣ ಸಣ್ಣ ಮೀನು, ಒಂದೊಂದು ಸಲ ಹಾವುಮೀನು. ಹೊಟ್ಟೆ ತುಂಬಾ ಮೊಟ್ಟೆ. ಅಜ್ಜ ಒಂದು ಕೂಣಿ (ಮೀನು ಹಿಡಿಯೋ ಬಿದಿರಿನ ಬುಟ್ಟಿ) ಮಾತ್ರ ಇಡ್ತಿದ್ರು, ಎರಡನೇದು ಇಡಕ್ಕೆ ಬಿಡ್ತಿರ್ಲಿಲ್ಲ, "ಮೇಲೆ ಹೋಗೋದು ಹೋಗ್ಲಿ, ಇಳಿಯೋವಾಗ ಮರಿ ಕರ್ಕೊಂಡು ಬರ್ತಾವೆ" ಅನ್ನೋರು.

ನಮ್ಮ ಬೈಲಲ್ಲಿ ಹನ್ನೊಂದು ಮನೆಯವರ ಗದ್ದೆ ಇತ್ತು. ಒಬ್ಬೊಬ್ರೇ ಅಡಿಕೆ ಹಾಕ್ತಾ ಬಂದ್ರು. ಗದ್ದೆ ಕೆಲ್ಸಕ್ಕೆ ಜನ ಸಿಗಲ್ಲ, ಭತ್ತ ಬೆಳೆದ್ರೆ ಖರ್ಚೂ ಹುಟ್ಟಲ್ಲ, ಯಾರನ್ನೂ ತಪ್ಪು ಅನ್ನಕ್ಕಾಗಲ್ಲ. 2016ರಲ್ಲಿ ನಾನೂ ಹಾಕ್ದೆ. ಜೆಸಿಬಿ ತರ್ಸಿ ಬಸಿಗಾಲುವೆ ತೆಗ್ಸಿ ಗುಡ್ಡದ ಧರೆ ಕಡ್ಸಿ ಕೆಂಪು ಮಣ್ಣು ಏರ್ಸಿ ಎಲ್ಲಾ ಮಾಡಿದ್ದು ನಾನೇ ನಿಂತು. ಇಬ್ಬರದ್ದು ಶುಂಠಿಗೆ ಲೀಸ್ ಕೊಟ್ಟು ಆಮೇಲೆ ಅದೂ ತೋಟ ಆಯ್ತು. ಈಗ ಇಡೀ ಬೈಲಲ್ಲಿ ಗದ್ದೆ ಅಂತ ಉಳ್ದಿರೋದು ನಮ್ಮದೇ ಅರ್ಧ ಎಕರೆ, ಅದೂ ತೀರಾ ಜೌಗು ಅಂತ ಬಿಟ್ಟಿದ್ದು.

ಹತ್ತುಮೀನು ಬಂದು ಐದಾರು ವರ್ಷ ಆಯ್ತು. ಮೀನು ಮಾತ್ರ ಅಲ್ಲ, ಏಡಿ ಇಲ್ಲ, ಗದ್ದೆ ಕಪ್ಪೆ ವಟಗುಟ್ಟೋದು ಕಡಿಮೆ, ಬಚ್ಚಲ ಹಿಂದಿನ ಹಳ್ಳದಲ್ಲಿ ಕಲ್ಲು ಎತ್ತಿದ್ರೆ ಅಡಿಗೆ ಅಂಟ್ಕೊಂಡಿರ್ತಿದ್ದ ಹುಳಗಳೂ ಇಲ್ಲ. ಹಳ್ಳದಲ್ಲಿ ನೀರಂತೂ ಇದೆ, ಮಳೆಗಾಲದಲ್ಲಿ ಮೊದಲಿಗಿಂತ ಜೋರಾಗೇ ಬರ್ತದೆ. ನೀರೂ ಇದೆ ಹಳ್ಳನೂ ಇದೆ, ಮತ್ತೆ ಮೀನು ಎಂತಕ್ಕೆ ಇಲ್ಲ? ನಾವು ಹೊಳೆಗೆ ಕೈಯೇ ಹಾಕಿಲ್ಲ, ಬದಲಾಗಿದ್ದು ಜಮೀನು ಮಾತ್ರ. ಇದು ಅದರಿಂದ್ಲೇನಾ, ಆಗಿದ್ರೆ ತೋಟ ಕಡೀದೆ ಏನಾದ್ರೂ ಮಾಡಕ್ಕೆ ಆಗ್ತದಾ?

ಹಳ್ಳದ_ಹುಳ

ಅಣ್ಣಾ ನಿಮ್ಮ ಪ್ರಶ್ನೆ ಓದಿ ಕೆಲ್ಸ ಬಿಟ್ಟು ಬರಿಯಕ್ಕೆ ಕೂತೆ. ನಾನು ಹಳ್ಳಗಳ ಹುಳ ಹುಪ್ಪಟೆ ಮೇಲೆ ಓದ್ಕೊಂಡಿರೋಳು, ಸಾಗರದ ಕಡೆ ಎರಡು ವರ್ಷ ಹಳ್ಳಕ್ಕೆ ಇಳಿದು ಬಲೆ ಹಿಡಿದು ಕೆಲ್ಸ ಮಾಡಿದೀನಿ. ನಿಮ್ಮ ಪ್ರಶ್ನೇಲೇ ಅರ್ಧ ಉತ್ತರ ಇದೆ. ಹೊಳೆಗೆ ಕೈ ಹಾಕಿಲ್ಲ ಅಂದ್ರಲ್ಲ, ಆದ್ರೆ ಆ ಮೀನಿಗೆ ನಿಮ್ಮ ಗದ್ದೆನೂ ಹೊಳೆನೇ ಆಗಿತ್ತು, ವರ್ಷಕ್ಕೆ ಮೂರ್ನಾಲ್ಕು ತಿಂಗಳು.

ಮುರುಗೋಡು ತರದ ಮೀನು ಹರಿಯೋ ನೀರಲ್ಲಿ ಮೊಟ್ಟೆ ಇಡಲ್ಲ. ಅದಕ್ಕೆ ಬೇಕಾಗಿರೋದು ನಿಂತಿರೋ, ಆಳ ಇಲ್ದಿರೋ, ಬಿಸಿಲಿಗೆ ಒಂಚೂರು ಬೆಚ್ಚಗಾಗೋ ನೀರು. ಬೇಸಿಗೆ ಎಲ್ಲಾ ಒಣಗಿದ್ದ ಗದ್ದೆಗೆ ಹೊಸ ನೀರು ನಿಂತಾಗ ಒಂದೇ ವಾರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಕೋಟಿಗಟ್ಲೆ ಹುಟ್ತವೆ, ಮರಿಮೀನಿಗೆ ಅದೇ ಹಾಲು. ದೊಡ್ಡ ಮೀನು ಅಷ್ಟು ತೆಳು ನೀರಿಗೆ ಬಂದು ತಿನ್ನಕ್ಕೂ ಆಗಲ್ಲ. ಅದಕ್ಕೇ ಪ್ರಾಣ ಪಣಕ್ಕಿಟ್ಟು ಹುಲ್ಲಿನ ಮೇಲೆ ಒದ್ದಾಡ್ಕೊಂಡು ಹತ್ತೋದು. ನಿಮ್ಮ ಅಜ್ಜ ಹೇಳಿದ್ದು ನೂರಕ್ಕೆ ನೂರು ಸರಿ.

ಈಗ ತೋಟಕ್ಕೆ ಏನ್ ಬೇಕು ನೋಡಿ, ಬುಡದಲ್ಲಿ ನೀರು ನಿಲ್ಲಬಾರದು. ಅದಕ್ಕೇ ಬಸಿಗಾಲುವೆ. ಗದ್ದೆ ಅಂದ್ರೆ ನೀರು ನಿಲ್ಸೋ ಜಮೀನು, ತೋಟ ಅಂದ್ರೆ ನೀರು ಬಸಿಯೋ ಜಮೀನು. ಹನ್ನೊಂದು ಮನೆಯವರು ನಿಲ್ಸ್ತಿದ್ದ ನೀರನ್ನ ಈಗ ಹನ್ನೊಂದು ಮನೆಯವರೂ ಒಟ್ಟಿಗೆ ಹಳ್ಳಕ್ಕೆ ಬಿಡ್ತಿದೀರ, ಮಳೆಗಾಲದಲ್ಲಿ ಹಳ್ಳ ಮೊದಲಿಗಿಂತ ಜೋರು ಅಂದಿದ್ದು ಅದಕ್ಕೇ, ಮತ್ತೆ ಮಾರ್ಚ್ ಹೊತ್ತಿಗೆ ಬೇಗ ಬತ್ತೋದೂ ಅದಕ್ಕೇ, ಯಾಕಂದ್ರೆ ಗದ್ದೆಲಿ ನಿಂತು ಇಂಗಿ ನಿಧಾನಕ್ಕೆ ಒರತೆಯಾಗಿ ಬರಬೇಕಾಗಿದ್ದ ನೀರು ಜುಲೈಯಲ್ಲೇ ಹೋಗಾಯ್ತು, ಅದರ ಮೇಲೆ ಬೇಸಿಗೇಲಿ ತೋಟಕ್ಕೆ ಪಂಪು.

ಇನ್ನು ಕಲ್ಲಿನ ಅಡಿ ಹುಳ. ಅದು ನನ್ ವಿಷಯ, ಸ್ವಲ್ಪ ಉದ್ದ ಬರೀತೀನಿ ಬೇಜಾರಾಗ್ಬೇಡಿ.

ಹಳ್ಳದಿಂದ ಒಂದು ಕಲ್ಲು ಎತ್ತಿ ತಿರುವಿ ಹಾಕಿದ್ರೆ ಅಡಿಯಲ್ಲಿ ಒಂದು ಇಂಚಿಗಿಂತ ಸಣ್ಣ ನಳಿಗೆ ತರ ಅಂಟ್ಕೊಂಡಿರ್ತದೆ, ಮರಳಿನ ಕಾಳನ್ನ ಒಂದೊಂದಾಗಿ ಜೋಡಿಸಿ ರೇಷ್ಮೆ ತರದ ಅಂಟಲ್ಲಿ ಕಟ್ಟಿದ ಮನೆ. ಒಳಗೆ ಕ್ಯಾಡಿಸ್ ಅನ್ನೋ ಹುಳದ ಮರಿ. ಪಕ್ಕದಲ್ಲಿ ಚಪ್ಪಟೆ ಮೈ, ಮೂರು ಬಾಲದ ಎಳೆ ಇರೋದು ಮೇಫ್ಲೈ ಮರಿ, ಅದರ ಹೊಟ್ಟೆಯ ಎರಡೂ ಪಕ್ಕ ಸಣ್ಣ ಎಲೆ ತರ ಕಿವಿರು ಬೀಸಣಿಗೆ ಹಾಗೆ ಅಲ್ಲಾಡ್ತಿರ್ತದೆ. ಇವೆಲ್ಲ ಬದುಕೋದು ಕಲ್ಲು ಕಲ್ಲಿನ ನಡುವಿನ ಸಂದೀಲಿ. ಧರೆ ಕಡಿದು ಹಾಕಿದ ಕೆಂಪು ಮಣ್ಣು ಮೊದಲೆರಡು ಮಳೆಗಾಲ ಹಳ್ಳಕ್ಕೆ ತೊಳೆದು ಬಂದಿರ್ತದೆ. ಆ ನುಣ್ಣನೆ ಮಣ್ಣು ಸಂದಿಯನ್ನೆಲ್ಲ ಗಾರೆ ತುಂಬಿದ ಹಾಗೆ ತುಂಬಿಬಿಡ್ತದೆ. ಮೇಲಿಂದ ನೋಡಿದ್ರೆ ಹಳ್ಳ ಹಾಗೇ ಕಾಣ್ತದೆ, ಕಲ್ಲೂ ಇದೆ ನೀರೂ ಇದೆ, ಆದ್ರೆ ಒಳಗೆ ಮನೆಗಳೆಲ್ಲ ಮುಚ್ಚಿ ಹೋಗಿವೆ. ಕಲ್ಲಿಗೆ ಬಾಯಲ್ಲೇ ಅಂಟ್ಕೊಂಡು ಪಾಚಿ ಕೆರೆದು ತಿನ್ನೋ ಸಣ್ಣ ಮೀನುಗಳಿಗೂ ಅದೇ ಗತಿ.

ಆಮೇಲೆ ನೆರಳು. ದಂಡೆ ಮೇಲಿನ ಮರ ಕಡಿದ್ರೆ ನೀರು ಕಾಯ್ತದೆ. 20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡ್ಕೊಳತ್ತೆ, 30 ಡಿಗ್ರಿಗೆ ಅದು ಹತ್ರತ್ರ ಏಳೂವರೆಗೆ ಇಳಿಯತ್ತೆ. ಮಲೆನಾಡಿನ ತಣ್ಣನೆ ಹಳ್ಳದ ಜೀವಿಗಳಿಗೆ ಆ ಒಂದೂವರೆ ಮಿಲಿಗ್ರಾಂ ಸಣ್ಣದಲ್ಲ. ಮತ್ತೆ ಊಟ. ಕಾಡಿನ ನೆರಳಲ್ಲಿರೋ ಸಣ್ಣ ಹಳ್ಳದಲ್ಲಿ ಪಾಚಿ ಬೆಳೆಯೋದೇ ಕಡಿಮೆ, ಅಲ್ಲಿ ಅಡುಗೆ ನಡೆಯೋದು ಉದುರಿದ ಎಲೆ ಮೇಲೆ. ಎಲೆಗೆ ಬೂಷ್ಟು ಹಿಡಿಯತ್ತೆ, ಹುಳ ಅದನ್ನ ಕತ್ತರಿಸತ್ತೆ, ಚೂರುಗಳನ್ನ ಕೆಳಗಿನ ಹುಳ ಸೋಸಿ ತಿನ್ನತ್ತೆ, ಹುಳವನ್ನ ಮೀನು. ಹತ್ತಾರು ಜಾತಿ ಮರ ಇದ್ದ ದಂಡೇಲಿ ಒಂದೇ ಅಡಿಕೆ ಸೋಗೆ ಬೀಳೋಕೆ ಶುರುವಾದ್ರೆ ಆ ಅಡುಗೆಮನೆನೇ ಬದಲಾಗತ್ತೆ.

ಇದು ಊಹೆ ಅಲ್ಲ. ಶರಾವತಿ ಜಲಾನಯನದಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐಐಎಸ್ಸಿಯ ಪರಿಸರ ವಿಜ್ಞಾನ ಕೇಂದ್ರದವರು ಉಪಹೊಳೆ ಉಪಹೊಳೆ ಹೋಲ್ಸಿ ಮೀನು ಮತ್ತೆ ಕಾಡು ಎರಡೂ ಲೆಕ್ಕ ಹಾಕಿದ್ರು, 2007ರಲ್ಲಿ ಪ್ರಕಟ ಆಯ್ತು. ಪಶ್ಚಿಮಕ್ಕೆ ನಿತ್ಯಹರಿದ್ವರ್ಣ ಕಾಡು ಜಾಸ್ತಿ ಇರೋ ನಾಗೋಡಿ, ಹುರ್ಲಿ, ಎಣ್ಣೆಹೊಳೆ ಕಡೆ ಪಶ್ಚಿಮಘಟ್ಟದಲ್ಲಿ ಮಾತ್ರ ಇರೋ ಮೀನುಗಳು ಜಾಸ್ತಿ, ಪೂರ್ವಕ್ಕೆ ಜಮೀನು, ಪ್ಲಾಂಟೇಶನ್ ಜಾಸ್ತಿ ಇರೋ ನಂದಿಹೊಳೆ, ಹರಿದ್ರಾವತಿ ಕಡೆ ಅಂಥವು ಕಡಿಮೆ. ಇದೇ ಜಲಾನಯನದಲ್ಲಿ ವಿಜ್ಞಾನಕ್ಕೇ ಹೊಸದಾದ ಮೀನು ಸಿಕ್ಕಿವೆ, 2004ರಲ್ಲಿ ಬಟಾಸಿಯೋ ಶರಾವತಿಯೆನ್ಸಿಸ್, 2006ರಲ್ಲಿ ಸ್ಕಿಸ್ಟುರಾ ನಾಗೋಡಿಯೆನ್ಸಿಸ್ ಮತ್ತೆ ಸ್ಕಿಸ್ಟುರಾ ಶರಾವತಿಯೆನ್ಸಿಸ್. ಹೆಸರಲ್ಲೇ ಹೊಳೆ ಇದೆ ನೋಡಿ. ಬೆರಳುದ್ದದ ಮೀನುಗಳು, ಬೇರೆ ಎಲ್ಲೋ ಹೋಗಿ ಬದುಕ್ತವೆ ಅನ್ನಕ್ಕೆ ಅವುಕ್ಕೆ ಬೇರೆ ಊರೇ ಇಲ್ಲ.

ಒಂದು ಎಚ್ಚರಿಕೆ. ಮೀನಿನ ಒಟ್ಟು ಲೆಕ್ಕ ನೋಡಿ ಮೋಸ ಹೋಗ್ಬೇಡಿ. ಕೆಟ್ಟ ಹಳ್ಳದಲ್ಲೂ ಮೀನು ಇರತ್ತೆ, ಹೊರಗಿಂದ ಬಂದ ಜಿಲೇಬಿ ಮೀನು (ತಿಲಾಪಿಯಾ) ಎಲ್ಲಿ ಬೇಕಾದ್ರೂ ಇರತ್ತೆ. ಯಾವ್ದು ಹೋಯ್ತು ಅನ್ನೋದು ಮುಖ್ಯ.

ಕೊಪ್ಪದ_ಹುಡ್ಗ

ಮೇಡಂ ಹೇಳಿದ್ದು ಓದಕ್ಕೆ ಚೆನ್ನಾಗಿದೆ, ಆದ್ರೆ ಎಲ್ಲಾದನ್ನೂ ಅಡಿಕೆ ತೋಟದ ತಲೆಗೆ ಕಟ್ಟೋದು ನಂಗೆ ಒಪ್ಗೆ ಆಗ್ತಿಲ್ಲ. ನಮ್ಮೂರಲ್ಲಿ ಗದ್ದೆ ಇನ್ನೂ ಮುಕ್ಕಾಲು ಹಾಗೇ ಇದೆ, ಆದ್ರೂ ಹತ್ತುಮೀನು ನಾಲ್ಕಾಣೆ ಭಾಗಕ್ಕೆ ಬಂದಿದೆ. ಯಾಕೆ ಅಂದ್ರೆ ಹಿಡಿಯೋ ರೀತಿ. ಮೊದಲು ಮನೆಗೆ ಒಂದು ಕೂಣಿ, ಈಗ ಹೊರಗಿಂದ ಜನ ಜೀಪ್ ತಗೊಂಡು ಬರ್ತಾರೆ, ಹೆಡ್‌ಲೈಟ್ ಟಾರ್ಚು, ಕರೆಂಟ್ ಶಾಕ್, ಬೇಸಿಗೇಲಿ ಗುಂಡೀಲಿ ಉಳಿದ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕೋದು. ಬ್ಲೀಚಿಂಗ್ ಹಾಕಿದ ಗುಂಡಿ ನೋಡಿದೀರಾ? ನಾನು ನೋಡಿದೀನಿ. ತಿನ್ನೋ ಮೀನು ಹತ್ತು ಸಿಗತ್ತೆ, ಸಾಯೋದು ಸಾವಿರ, ಬೆರಳ ಉಗುರಷ್ಟು ಮರಿ ಎಲ್ಲಾ ಬೆಳ್ಳಗೆ ಹೊಟ್ಟೆ ಮೇಲೆ ಮಾಡ್ಕೊಂಡು ತೇಲ್ತಾ ಇರತ್ತೆ, ಏಡಿ ದಡಕ್ಕೆ ಹತ್ತಿ ಸತ್ತು ಬಿದ್ದಿರತ್ತೆ. ಮುಂದಿನ ವರ್ಷ ಹತ್ತೋಕೆ ಮೀನು ಉಳೀಬೇಕಲ್ಲ ಮೊದಲು.

ರೈತ ಗದ್ದೆ ಬಿಟ್ಟ ಅಂತ ಹೇಳೋರು ಗದ್ದೆ ಮಾಡಿ ನೋಡ್ಬೇಕು. ನಾಟಿ ಕೂಲಿ, ಹಂದಿ ಕಾಟ, ಕಾಡುಕೋಣ, ಕೊಯ್ಲಿನ ಟೈಮಲ್ಲಿ ಮಳೆ. ಸಿಟ್ಟಲ್ಲಿ ಹೇಳ್ತಿಲ್ಲ, ಕಷ್ಟ ಇದೆ ಅದಕ್ಕೆ ಹೇಳ್ತಿದೀನಿ.

ಹಳ್ಳದ_ಹುಳ

ನೀವು ಹೇಳಿದ್ದು ಪೂರ್ತಿ ಒಪ್ತೀನಿ, ನಾನು ಹಿಡಿಯೋದರ ಬಗ್ಗೆ ಬರೀಲೇ ಇಲ್ಲ, ಬರೀಬೇಕಿತ್ತು. ಹೋದ ವರ್ಷ, ಅಂದ್ರೆ 2025ರ ಜನವರಿಯಲ್ಲಿ, ನೇಚರ್ ಪತ್ರಿಕೇಲಿ ಜಗತ್ತಿನ ಸಿಹಿನೀರಿನ ಮೀನು, ಏಡಿ ಸೀಗಡಿ, ಏರೋಪ್ಲೇನ್ ಚಿಟ್ಟೆ ಎಲ್ಲಾ ಸೇರಿ 23,496 ಜಾತಿ ನೋಡಿ ಲೆಕ್ಕ ಹಾಕಿದ್ದು ಬಂತು. 24 ಪರ್ಸೆಂಟ್ ಜಾತಿಗಳು ಅಳಿವಿನಂಚಿಗೆ ಬಂದಿವೆ ಅಂತ. ಅದರಲ್ಲೂ ಕಾರಣ ಒಂದೇ ಅಂತ ಹೇಳಿಲ್ಲ, ಮಾಲಿನ್ಯ, ಡ್ಯಾಂ, ನೀರೆತ್ತೋದು, ಕೃಷಿ, ಹೊರಗಿನ ಜಾತಿಗಳು ಎಲ್ಲಾ ಒಂದರ ಮೇಲೊಂದು.

ಆದ್ರೆ ಒಂದು ವ್ಯತ್ಯಾಸ ಇದೆ ಅಣ್ಣಾ. ಹಿಡಿದು ಕಡಿಮೆ ಆದ ಮೀನು, ಹಿಡಿಯೋದು ನಿಲ್ಸಿದ್ರೆ ಎರಡು ಮೂರು ಮಳೆಗಾಲಕ್ಕೆ ತಿರುಗಿ ಬರಬಹುದು, ಒಂದೊಂದು ಮೀನು ಸಾವಿರಗಟ್ಲೆ ಮೊಟ್ಟೆ ಇಡತ್ತೆ. ಮೊಟ್ಟೆ ಇಡೋ ಜಾಗನೇ ಹೋದ್ರೆ ಹಿಡಿಯೋದು ನಿಲ್ಸಿದ್ರೂ ಬರಲ್ಲ.

ಜಡ್ಡಿಗದ್ದೆ_ಶಿರಸಿ

ನಾನು ಅಡಿಕೆ ತೋಟದವನೇ, ಮೂರು ತಲೆಮಾರು. ಅದಕ್ಕೇ ಬರೀತಿದ್ದೆ.

ಗದ್ದೆ ಹೋಗಿ ತೋಟ ಆಯ್ತು ಅಂತ ಬೇಸರ ಮಾಡ್ತಾ ಇದೀರಿ, ಅದಕ್ಕೂ ಒಂದು ಹಿಂದಿನ ಕತೆ ಇದೆ. ನಮ್ಮ ಕಡೆ ಎಷ್ಟೋ ಕಣಿವೆ ಗದ್ದೆ, ಕಣಿವೆ ತೋಟ ಎಲ್ಲಾ ಒಂದು ಕಾಲಕ್ಕೆ ರಾಮಪತ್ರೆ ಜಡ್ಡಿ. ವರ್ಷ ಪೂರ್ತಿ ಬುಡದಲ್ಲಿ ನೀರಾಡೋ ಕಾಡು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗೆ ಹೋದ್ರೆ ಇನ್ನೂ ನೋಡ್ಬಹುದು. ಹೆಸರಿಗೆ ತಕ್ಕ ಹಾಗೆ ನಡುಹಗಲಲ್ಲೂ ಕತ್ತಲೆ. ಕೆಸರಿಂದ ಮೇಲಕ್ಕೆ ಬಂದು ಮೊಣಕಾಲು ಮಡಚಿದ ಹಾಗೆ ಬಾಗಿ ಮತ್ತೆ ಕೆಸರಿಗೆ ಇಳಿದ ಬೇರುಗಳು ನೆಲದ ತುಂಬಾ, ಬೇರು ಉಸಿರಾಡೋದು ಅದ್ರಲ್ಲಿ. ನಡುವೆ ಕಾಲಿಟ್ರೆ ತಣ್ಣನೆ ನೀರು, ಏಪ್ರಿಲ್ ತಿಂಗಳಲ್ಲೂ.

ಅಲ್ಲಿ ಒಂದು ಕಪ್ಪೆ ಇದೆ, ಕುಂಬಾರ ಕಪ್ಪೆ ಅಂತ, 2014ರಲ್ಲಿ ಹೊಸ ಜಾತಿ ಅಂತ ಗುರುತಿಸಿ ನಮ್ಮ ಕನ್ನಡದ ಹೆಸರನ್ನೇ ವೈಜ್ಞಾನಿಕ ಹೆಸರಿಗೂ ಇಟ್ರು. ಹೆಣ್ಣು ನೀರಿನ ಮೇಲೆ ಬಾಗಿರೋ ಕಡ್ಡಿಗೋ ಕಲ್ಲಿಗೋ ಮೊಟ್ಟೆ ಇಟ್ಟು ಹೋಗ್ತದೆ. ಆಮೇಲೆ ಗಂಡು ಕೆಳಗೆ ಹಳ್ಳದ ತಳದಿಂದ ಕೈಯಲ್ಲಿ ಕೆಸರು ತಗೊಂಡು ಬಂದು ಮೊಟ್ಟೆ ಮೇಲೆ ಮೆತ್ತುತ್ತದೆ, ಮತ್ತೆ ಇಳೀತದೆ ಮತ್ತೆ ತರ್ತದೆ, ಮಡಕೆಗೆ ಮಣ್ಣು ಮೆತ್ತಿದ ಹಾಗೆ. ಅದಕ್ಕೇ ಆ ಹೆಸರು. ಈಗ ಯೋಚನೆ ಮಾಡಿ, ಆ ಕಪ್ಪೆಗೆ ನೀರು ಒಂದಿದ್ರೆ ಸಾಲ್ದು. ಬಾಗಿದ ಕಡ್ಡಿ ಬೇಕು, ಕಡ್ಡಿಗೆ ದಂಡೆ ಮೇಲೆ ಗಿಡ ಬೇಕು, ಸರಿಯಾದ ಕೆಸರು ಬೇಕು, ಮೆತ್ತಿದ ಕೆಸರು ಒಣಗದ ಹಾಗೆ ನೆರಳೂ ತೇವವೂ ಬೇಕು. ನಾವು ಹಳ್ಳದ ಬದಿ ಸ್ವಚ್ಛ ಮಾಡ್ತೇವೆ ಅಂತ ಕತ್ತಿ ಹಿಡಿದು ಇಳಿದ್ರೆ ಆ ಕಪ್ಪೆಯ ಇಡೀ ಮನೆ ಎತ್ತಿದ ಹಾಗೆ.

ನಮ್ಮ ಹಿರಿಯರು ಜಡ್ಡಿ ಕಡಿದೇ ತೋಟ ಮಾಡಿದ್ದು, ಸುಳ್ಳು ಹೇಳೋದಿಲ್ಲ. ಆದ್ರೆ ಅವರು ತೋಟದ ಮೇಲೆ ಸೊಪ್ಪಿನ ಬೆಟ್ಟ, ಅಂದ್ರೆ ತೋಟಕ್ಕೆ ಸೊಪ್ಪು ತರೋ ಕಾಡು ಇಟ್ಕೊಂಡಿದ್ರು, ಒಂದು ಎಕರೆ ತೋಟಕ್ಕೆ ಹಲವು ಎಕರೆ ಬೆಟ್ಟ. ನೀರು ಅಲ್ಲಿ ಇಂಗ್ತಿತ್ತು, ಹಳ್ಳ ಹರೀತಿತ್ತು. ಈಗ ಆಗ್ತಾ ಇರೋದು ಬೇರೆ. ಗದ್ದೆಗೂ ತೋಟ, ಹಕ್ಕಲಿಗೂ ತೋಟ, ಬಯಲುಸೀಮೆಲಿ ಬೋರು ಹೊಡೆದೂ ತೋಟ, ಬೆಟ್ಟಕ್ಕೆ ಅಕೇಶಿಯಾ.

ಇನ್ನು ಮೈಲುತುತ್ತದ ವಿಷಯ ಯಾರೂ ಎತ್ತಲಿಲ್ಲ, ತೋಟದವನಾಗಿ ನಾನೇ ಎತ್ತುತ್ತೇನೆ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೀಲೇಬೇಕು, ನೂರು ಲೀಟರಿಗೆ ಒಂದು ಕೇಜಿ ಮೈಲುತುತ್ತ ಒಂದು ಕೇಜಿ ಸುಣ್ಣ, ಮಳೆಗಾಲದಲ್ಲಿ ಎರಡು ಸಲ, ಕೆಲವು ವರ್ಷ ಮೂರು ಸಲ. ಅದರಲ್ಲಿರೋದು ತಾಮ್ರ. ಮೀನಿಗೆ, ಹುಳಕ್ಕೆ ತಾಮ್ರ ವಿಷ, ಅದರಲ್ಲೂ ನಮ್ಮ ಘಟ್ಟದ ನೀರು ಮೆದು ನೀರು, ಸುಣ್ಣದಂಶ ಕಡಿಮೆ ಇರೋ ನೀರಲ್ಲಿ ತಾಮ್ರದ ವಿಷ ಇನ್ನೂ ಜಾಸ್ತಿ ತಾಗ್ತದೆ. ಹೊಡೆಯೋದು ಬಿಡಿ ಅಂತ ನಾನು ಯಾರಿಗೂ ಹೇಳೋದಿಲ್ಲ, ಕೊಳೆ ಬಂದ್ರೆ ಆ ವರ್ಷದ ಅನ್ನವೇ ಹೋಯ್ತು. ಆದ್ರೆ ಡ್ರಮ್ಮು, ಪೈಪು, ಗನ್ನು ತೊಳೆಯೋದು ಎಲ್ಲಿ? ಎಲ್ಲರೂ ಹಳ್ಳದಲ್ಲೇ. ಒಂದು ದಿನ ನಮ್ಮ ಆಳು ಡ್ರಮ್ಮು ತೊಳೆದ ಕೆಳಗಿನ ಗುಂಡಿಯಲ್ಲಿ ನೀರು ತಿಳಿನೀಲಿ ಆಗಿ ನಿಂತಿದ್ದು ಕಣ್ಣಾರೆ ನೋಡಿದೆ. ಅವತ್ತಿಂದ ತೊಳೆದ ನೀರು ತೋಟದ ಮೇಲ್ಭಾಗದಲ್ಲಿ ಗುಂಡಿ ತೋಡಿ ಹಾಕಿಸ್ತೇನೆ, ಹಳ್ಳದ ಪಕ್ಕದ ಎರಡು ಸಾಲು ಮರಕ್ಕೆ ಔಷಧಿ ಬದಲು ಅಡಿಕೆ ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ (ಹೊದಿಕೆ) ಕಟ್ಟಿಸ್ತೇನೆ. ಕೊಟ್ಟೆ ಕಟ್ಟೋರು ಸಿಗೋದು ಕಷ್ಟ, ಆದ್ರೆ ಎರಡು ಸಾಲಿಗೆ ಹೇಗಾದ್ರೂ ಆಗ್ತದೆ.

ಶುಂಠಿ ವಿಷಯದಲ್ಲಿ ಮಾತ್ರ ನಂಗೆ ತಡಕೊಳ್ಳೋಕೆ ಆಗೋದಿಲ್ಲ. ಲೀಸಿಗೆ ತಗೊಂಡವರಿಗೆ ಆ ಮಣ್ಣು ಮುಂದಿನ ವರ್ಷ ಬೇಕಿಲ್ಲ, ಎಷ್ಟು ಔಷಧಿ ಸುರಿದ್ರೂ ಅವರಿಗೆ ನಷ್ಟ ಇಲ್ಲ. ಫೋರೇಟ್ ಅನ್ನೋ ಕೀಟನಾಶಕದ ಕಾಳು 2020ರ ಕೊನೆಗೆ ನಿಷೇಧ ಆಗುವವರೆಗೂ ಬುಟ್ಟಿಗಟ್ಟಲೆ ಎರಚುತ್ತಿದ್ದದ್ದು ನಾವೇ ನೋಡಿದ್ದು. ಜಾಗ ಕೊಡೋರು ನಾವೇ ಅಲ್ವಾ, ಕೊಡುವಾಗ ಹಳ್ಳದ ಬದಿ ಇಷ್ಟು ಅಡಿ ಬಿಡಬೇಕು ಅಂತ ಬರೆಸಿಕೊಳ್ಳೋದಕ್ಕೆ ಏನು ಅಡ್ಡಿ?

ಕೆರೆಏರಿ_ಬೆಂಗ್ಳೂರು

ನಾನು ಬೆಂಗಳೂರಿನವನು, ನಮ್ಮಲ್ಲಿ ಹೊಳೆ ಇಲ್ಲ ಕೆರೆ ಮಾತ್ರ, ಆದ್ರೆ ಇದನ್ನ ಓದ್ತಾ ಓದ್ತಾ ನಮ್ಮ ಏರಿಯಾದ ಕೆರೆ ನೆನಪಾಯ್ತು. ನಮ್ಮದೂ ಅದೇ ಕತೆ, ನೀರು ಇದೆ, ಅಂಚು ಇಲ್ಲ. ಕೆರೆ ಅಭಿವೃದ್ಧಿ ಅಂತ ಹೂಳು ತೆಗೆದು ಬಟ್ಟಲು ತರ ಒಂದೇ ಆಳ ಮಾಡಿ ಸುತ್ತ ಕಲ್ಲು ಕಟ್ಟಿ ವಾಕಿಂಗ್ ಪಾತ್ ಹಾಕಿದ್ರು. ಮೊದಲು ಒಂದು ಕಡೆ ಜೊಂಡು ಬೆಳೆದು ಮೊಣಕಾಲುದ್ದ ನೀರಿರ್ತಿತ್ತು, ಕೊಕ್ಕರೆ ಅಲ್ಲೇ ನಿಂತು ಮೀನು ಹಿಡೀತಿದ್ವು, ಜಂಬುಕೋಳಿ ಅಲ್ಲೇ ಮೊಟ್ಟೆ ಇಡ್ತಿತ್ತು. ಈಗ ಆಳದ ನೀರಲ್ಲಿ ನಿಲ್ಲೋಕೆ ಕೊಕ್ಕರೆಗೆ ಜಾಗ ಇಲ್ಲ. 2016ರ ಮಾರ್ಚಲ್ಲಿ ಹಲಸೂರು ಕೆರೇಲಿ ರಾಶಿ ರಾಶಿ ಮೀನು ಸತ್ತು ದಡಕ್ಕೆ ಬಂದಾಗ ಎಲ್ರೂ ಕೊಳಚೆ ನೀರಿನ ಬಗ್ಗೆ ಮಾತಾಡಿದ್ರು, ಅದು ಸರಿನೇ, ಆದ್ರೆ ಮಳೆನೀರು ತರ್ತಿದ್ದ ರಾಜಕಾಲುವೆ ಸುತ್ತಲಿನ ಗದ್ದೆ ತೋಪು ಎಲ್ಲಾ ಸೈಟು ಆಗಿದ್ದಕ್ಕೇ ಅಲ್ವಾ ಕೆರೆಗೆ ಕೊಳಚೆ ಬಿಟ್ರೆ ಬೇರೆ ನೀರೇ ಬರದ ಹಾಗಾಗಿದ್ದು.

ಒಂದು ಡೌಟು. ಗದ್ದೆನೂ ಜೌಗು ಪ್ರದೇಶ ಅಂತ ಕಾನೂನಲ್ಲಿ ರಕ್ಷಣೆ ಇಲ್ವಾ?

ಹಳ್ಳದ_ಹುಳ

ಇಲ್ಲ ಸರ್. ನೋವಿನ ವಿಷಯ ಅದೇ. ಜೌಗು ಪ್ರದೇಶ ಉಳಿಸೋಕೆ ಅಂತ ದೇಶಗಳು ಮಾಡ್ಕೊಂಡಿರೋ ರಾಮ್ಸಾರ್ ಒಪ್ಪಂದದ ಪ್ರಕಾರ ಭತ್ತದ ಗದ್ದೆನೂ ಜೌಗು ಪ್ರದೇಶನೇ, 2008ರಲ್ಲಿ ಕೊರಿಯಾದಲ್ಲಿ ನಡೆದ ಸಭೆಯಲ್ಲಿ ಗದ್ದೆಗಳ ಬಗ್ಗೇನೇ ಒಂದು ನಿರ್ಣಯ ಮಾಡಿದ್ರು. ಆದ್ರೆ ನಮ್ಮ ದೇಶದ 2017ರ ಜೌಗು ಪ್ರದೇಶ ನಿಯಮದಲ್ಲಿ ಜೌಗು ಪ್ರದೇಶ ಅಂದ್ರೆ ಏನು ಅಂತ ಹೇಳೋವಾಗ ನದಿ ಪಾತ್ರ, ಭತ್ತದ ಗದ್ದೆ, ನೀರಾವರಿಗೆ ಅಂತ ಕಟ್ಟಿದ ಕೆರೆ ಇವನ್ನೆಲ್ಲ ಹೊರಗಿಟ್ಟಿದಾರೆ. ಕೇರಳದಲ್ಲಿ 2008ರಲ್ಲೇ ಭತ್ತದ ಗದ್ದೆ ಮತ್ತೆ ಜೌಗು ಉಳಿಸೋಕೆ ಅಂತ ಪ್ರತ್ಯೇಕ ಕಾಯ್ದೆ ಬಂತು. ಅಲ್ಲೂ ಎಲ್ಲಾ ಸರಿ ಇದೆ ಅಂತ ಅಲ್ಲ, ಆದ್ರೆ ಗದ್ದೆ ಮುಚ್ಚೋಕೆ ಮೊದಲು ಯಾರನ್ನೋ ಕೇಳ್ಬೇಕು ಅನ್ನೋದಾದ್ರೂ ಇದೆ. ಕಾಯ್ದೆ ಜೊತೆಗೆ ಗದ್ದೆ ಇಟ್ಕೊಂಡೋರಿಗೆ ಕಾಸೂ ಕೊಡ್ಬೇಕು ಅನ್ನೋದು ನನ್ನ ಅಭಿಪ್ರಾಯ, ಕೊಪ್ಪದ ಅಣ್ಣ ಹೇಳಿದ ಹಾಗೆ ಮೀನಿನ ಮರಿ ಸಾಕೋ ಖರ್ಚನ್ನ ಒಬ್ಬ ರೈತನ ತಲೆ ಮೇಲೆ ಹಾಕೋದು ನ್ಯಾಯ ಅಲ್ಲ.

ಮಾಲತಿ ದಂಡೆ ಅಣ್ಣಾ, ನೀವು ಕೇಳಿದ್ದಕ್ಕೆ. ತೋಟ ಕಡೀಬೇಡಿ. ನಿಮ್ಮ ಹತ್ರ ಉಳ್ದಿರೋ ಆ ಅರ್ಧ ಎಕರೆ ಜೌಗು ಗದ್ದೆ ಇದ್ಯಲ್ಲ, ನನಗೆ ಅದನ್ನ ಓದಿದಾಗ್ಲೇ ಜೀವ ಬಂದಂಗಾಯ್ತು. ಭತ್ತ ಬೆಳೀದಿದ್ರೂ ಪರ್ವಾಗಿಲ್ಲ, ಜೂನಿಂದ ಸೆಪ್ಟೆಂಬರ್ ತನಕ ಅರ್ಧ ಅಡಿಯಿಂದ ಒಂದಡಿ ನೀರು ನಿಲ್ಲೋ ಹಾಗೆ ಅಂಚು ಇಟ್ಕೊಳಿ. ಅಲ್ಲಿಂದ ಹಳ್ಳದ ತನಕ ನೀರಿನ ದಾರಿ ಕಡಿದಾಗಿರ್ಬಾರ್ದು, ಇಳಿಜಾರಾಗಿ ಹುಲ್ಲು ಇರ್ಲಿ. ದಂಡೇಲಿ ತಾನಾಗೇ ಬರೋ ಹೊಳೆಮತ್ತಿ, ನೇರಳೆ, ವಾಟೆ ಬಿದಿರು ಕಡೀಬೇಡಿ, ಒಂದು ಹತ್ತಡಿ ಸಾಕು. ಬೇಸಿಗೇಲಿ ಹಳ್ಳದ ಒಂದು ಗುಂಡಿಗೆ ಮಾತ್ರ ಯಾರೂ ಪಂಪು ಇಳಿಸ್ದೆ ಇರೋ ಹಾಗೆ ನೋಡ್ಕೊಳಿ, ಮುಂದಿನ ಮಳೆ ತನಕ ಬೀಜ ಉಳಿಯೋದು ಅಲ್ಲೇ. ಮತ್ತೆ ಒಂದು ಮುಖ್ಯ ವಿಷಯ, ಹಳ್ಳ ಹೊಳೆ ಸೇರೋ ತನಕ ಒಂದು ಸಲ ನಡ್ಕೊಂಡು ಹೋಗಿ ಬನ್ನಿ. ಮಧ್ಯ ಎಲ್ಲಾದ್ರೂ ರಸ್ತೆಗೆ ಪೈಪ್ ಮೋರಿ ಹಾಕಿದಾರಾ ನೋಡಿ. ಪೈಪಿನ ಬಾಯಿ ನೀರಿಗಿಂತ ಎತ್ತರ ಇದ್ರೆ ಮೀನು ಅಲ್ಲೇ ನಿಂತಿರತ್ತೆ, ನಿಮ್ಮ ಗದ್ದೆ ಎಷ್ಟು ಚೆನ್ನಾಗಿದ್ರೂ ಬರಕ್ಕಾಗಲ್ಲ.

ಕೊಪ್ಪದ_ಹುಡ್ಗ

ಪೈಪ್ ಮೋರಿ ವಿಷಯ ನಂಗೆ ಹೊಳೆದೇ ಇರ್ಲಿಲ್ಲ. ನಮ್ಮೂರಲ್ಲೂ ಎರಡು ಇವೆ. ಮೊದಲು ಅಲ್ಲಿ ಮರದ ಸಂಕ ಇತ್ತು, ಕೆಳಗೆ ಹಳ್ಳ ಹಾಗೇ ಹರೀತಿತ್ತು.

ಬ್ಲೀಚಿಂಗ್ ಹಾಕೋರ ಬಗ್ಗೆ ಈ ವರ್ಷ ನಾವು ಏಳೆಂಟು ಹುಡುಗ್ರು ಸೇರಿ ರಾತ್ರಿ ಗುಂಡಿ ಕಾಯೋದು ಅಂತ ಮಾತಾಡ್ಕೊಂಡಿದೀವಿ.

ಮಾಲತಿ_ದಂಡೆ

ಎಲ್ರಿಗೂ ಉತ್ತರ ಕೊಡಕ್ಕೆ ತಡ ಆಯ್ತು, ಮಳೆ ಹಿಡಿದು ಮೂರು ದಿನ ಕರೆಂಟೂ ಇಲ್ಲ ನೆಟ್‌ವರ್ಕೂ ಇಲ್ಲ.

ತಂಗಿ ಹೇಳಿದ ಹಾಗೆ ಮಳೆಗೆ ಮುಂಚೆ ಹಳ್ಳದಲ್ಲೇ ಇಳಿದು ಹೊಳೆ ತನಕ ನಡ್ದೆ, ಇಷ್ಟು ವರ್ಷ ಇಲ್ಲೇ ಇದ್ದೂ ಪೂರ್ತಿ ನಡೆದಿದ್ದು ಇದೇ ಮೊದಲು. ಮೋರಿ ಒಂದಲ್ಲ ಎರಡು ಇದೆ. ಮೇಲಿಂದು ತೊಂದರೆ ಇಲ್ಲ, ಅರ್ಧ ಪೈಪು ಮರಳಲ್ಲಿ ಮುಳುಗಿದೆ. ಕೆಳಗಿನದ್ರ ಬಾಯಿ ನೀರಿಂದ ಒಂದೂವರೆ ಅಡಿ ಮೇಲೆ, ನೀರು ಬಿದ್ದು ಬಿದ್ದು ಕೆಳಗೆ ಗುಂಡಿ ಆಗಿದೆ. ಅದಕ್ಕಿಂತ ಕೆಳಗೆ ಕಲ್ಲು ತಿರುವಿ ನೋಡ್ದೆ, ಮರಳಿನ ನಳಿಗೆ ಮನೆ ಒಂದು ಕಲ್ಲಲ್ಲಿ ಆರು ಸಿಕ್ತು. ನಮ್ಮ ತೋಟದ ಪಕ್ಕದಲ್ಲಿ ಹತ್ತು ಕಲ್ಲು ತಿರುವಿದ್ರೂ ಒಂದೂ ಇಲ್ಲ, ಕಲ್ಲಿನ ಅಡಿ ಬೆರಳಿಟ್ರೆ ಕೆಂಪು ಕೆಸರು ಗಂಧದ ಹಾಗೆ ಅಂಟ್ತದೆ. ಅದು ನಾನು ಕಡಿಸಿದ ಧರೆ ಮಣ್ಣೇ, ಬಣ್ಣ ನೋಡಿದ್ರೆ ಗೊತ್ತಾಗ್ತದೆ. ಮನಸ್ಸಿಗೆ ತುಂಬಾ ಬೇಜಾರಾಯ್ತು.

ಪಕ್ಕದ ಮನೆ ಮಾವನ್ನ ಕರ್ಕೊಂಡು ಹೋಗಿ ಆ ಮೋರಿ ಬಾಯಿ ಕೆಳಗೆ ಹಳ್ಳದ್ದೇ ದಪ್ಪ ಕಲ್ಲು ತಂದು ಮೆಟ್ಲು ಮೆಟ್ಲಾಗಿ ಪೇರಿಸಿದ್ವಿ, ಎರಡು ದಿನದ ಕೆಲ್ಸ ಆಯ್ತು. ಮಾವ ಮೊದಲು ಎಂತಕ್ಕೋ ಇದೆಲ್ಲ ಅಂದ್ರು, ಆಮೇಲೆ ಅವರೇ ಸಂದಿಗೆ ಸಣ್ಣ ಕಲ್ಲು ಆರಿಸಿ ಆರಿಸಿ ಇಟ್ರು. ಅರ್ಧ ಎಕರೆಗೆ ಅಂಚು ಕಟ್ಟಿದೀನಿ, ನೀರು ನಿಂತಿದೆ. ಭತ್ತ ಹಾಕ್ತೀನೋ ಇಲ್ವೋ ಇನ್ನೂ ನೋಡ್ಬೇಕು.

ಮೊನ್ನೆ ರಾತ್ರಿ ಮೊದಲ ಕೆಂಪು ನೀರು ಬಂತು. ಟಾರ್ಚ್ ಹಿಡ್ಕೊಂಡು ಮೋರಿ ಹತ್ರ ಹೋದ್ವಿ, ಮಗಳೂ ಹಠ ಮಾಡಿ ಬಂದ್ಲು. ಸುಮಾರು ಹೊತ್ತು ಎಂತದೂ ಇಲ್ಲ. ಹನ್ನೊಂದು ಗಂಟೆ ಮೇಲೆ ನೊರೆ ನಡುವೆ ಏನೋ ಹಾರಿದ ಹಾಗಾಯ್ತು. ಎರಡು ಮುರುಗೋಡು. ಒಂದು ಎರಡನೇ ಕಲ್ಲಿನ ತನಕ ಹತ್ತಿ ಮಗ್ಗುಲಾಗಿ ಬಿದ್ದು ಜಾರಿ ಕೆಳಗೆ ಹೋಯ್ತು, ಮತ್ತೆ ಹತ್ತಿತು, ಮತ್ತೆ ಜಾರಿತು. ಮಗಳು ನನ್ನ ಕೈ ಗಟ್ಟಿ ಹಿಡ್ಕೊಂಡಿದ್ಲು. ಅಷ್ಟೊತ್ತಿಗೆ ನೀರು ಏರಿ ಮೋರಿ ಬಾಯಿ ಮುಳುಗೋ ಹಾಗಾಯ್ತು, ನೀರು ಎಷ್ಟು ಕೆಂಪು ಅಂದ್ರೆ ಆಮೇಲೆ ಎಂತದೂ ಕಾಣ್ಲಿಲ್ಲ, ದಾಟಿದ್ವೋ ಇಲ್ವೋ ಗೊತ್ತಿಲ್ಲ. ದಿನಾ ಬೆಳಿಗ್ಗೆ ಎದ್ದ ಕೂಡ್ಲೇ ಅವಳು ಗದ್ದೆ ಅಂಚಿಗೆ ಹೋಗಿ ನೋಡಿ ಬರ್ತಿದಾಳೆ.